ಕೋಟಿ ಗಾಡಿಗೆ ಮೊಸರಿನ ಪರೀಕ್ಷೆ

ಹೈದರಾಬಾದಿನಲ್ಲಿ ದುಬಾರಿ ಕಾರು ಮಾರುವ ನಾಲ್ಕು ಶೋರೂಮುಗಳವರು ನಮ್ಮ ಕಾಕಾನ ಫೋನ್ ನಂಬರನ್ನು ‘ಮೊಸರು ಅಂಕಲ್’ ಎಂಬ ಹೆಸರಿನಲ್ಲಿ ಇಟ್ಟುಕೊಂಡಿದ್ದಾರೆ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಒಬ್ಬನ ಫೋನಿನಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ. ಉಳಿದ ಮೂವರದು ಊಹೆ, ಆದರೆ ನನ್ನ ಊಹೆ ತಪ್ಪುವುದು ಕಡಿಮೆ.

ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಯಾಕೆ ಇಳಿಯಬೇಕು, ನೀವೇ ಹೇಳಿ. ಹದಿನೆಂಟನೇ ವಯಸ್ಸಿಗೆ ರಾಯಚೂರು ಕಡೆಯಿಂದ ಒಂದು ಕೈಚೀಲ ಹಿಡಿದು ಈ ಊರಿಗೆ ಬಂದವನು ನಾನು. ಇವತ್ತು ನಾಚಾರಂನಲ್ಲಿ ಹಳೇ ಲೇತ್ ಮಷೀನು ಕೊಂಡು ಮಾರುವ ನನ್ನದೇ ಅಂಗಡಿ ಇದೆ. ಬಂಡವಾಳ ಏನು ಅಂದರೆ ಚೌಕಾಶಿ. ಕೋಠಿ ಬಜಾರಿನಲ್ಲಿ ನಾನು ಸೀರೆ ಅಂಗಡಿ ಹೊಕ್ಕರೆ ಅಂಗಡಿಯವನು ಮೊದಲು ಒಂದು ಲೋಟ ನೀರು ಕುಡಿದು ಕೂರುತ್ತಾನೆ. ಅಂಥವನ ಸ್ವಂತ ಕಾಕಾ, ಬೋರ್ಡಿನ ಮೇಲೆ ಬರೆದ ಬೆಲೆಗೆ ಕೋಟಿ ರೂಪಾಯಿಯ ಗಾಡಿ ಬುಕ್ ಮಾಡಿ ಬಂದರೆ ನಾನು ಯಾರ ಮುಂದೆ ಮುಖ ತೋರಿಸಬೇಕು?

ಕಾಕಾ ಬಾಲಾನಗರದ ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ವಿಮಾನಕ್ಕೆ ಹೋಗುವ ಬಿಡಿಭಾಗಗಳನ್ನು ಅಳೆದು ‘ಪಾಸ್’ ಇಲ್ಲವೇ ‘ರಿಜೆಕ್ಟ್’ ಅನ್ನುವ ಇನ್‌ಸ್ಪೆಕ್ಟರ್. ಅವರು ನಿವೃತ್ತರಾದರೂ ಆ ಎರಡು ಶಬ್ದಗಳು ನಿವೃತ್ತವಾಗಲಿಲ್ಲ. ನನ್ನ ಮದುವೆಯ ದಿನ ಹಂದರದ ಕಂಬಕ್ಕೆ ದಾರ ಕಟ್ಟಿ, ತೂಗುಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು.

“ಎರಡು ನೂಲು ವಾಲೈತಿ. ರಿಜೆಕ್ಟ್.”

ಅಕ್ಷತೆ ಹಿಡಿದವರು ಹಿಡಿದೇ ನಿಂತರು. ಮುಹೂರ್ತ ಮೀರುತ್ತದೆ ಎಂದು ಅಯ್ಯನವರು ಗಡಬಡಿಸಿದರೆ, “ಮುಹೂರ್ತ ಸ್ವಲ್ಪ ಹಿಂದಮುಂದ ಆದ್ರ ನಡೀತೈತಿ ಅಯ್ನೋರ, ಕಂಬ ಆದ್ರ ಮಂದಿ ತಲಿ ಮ್ಯಾಲ ಬೀಳತೈತಿ” ಎಂದು ಕಂಬ ಕೀಳಿಸಿಯೇ ಬಿಟ್ಟರು. ನನ್ನ ಸಂಸಾರ ನೆಟ್ಟಗೆ ನಿಂತಿರುವುದಕ್ಕೆ ಅದೇ ಕಾರಣ ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಇಂಥ ಮನುಷ್ಯನ ತಲೆಗೆ ಗಾಡಿ ಹೊಕ್ಕಿದ್ದು ಅವರ ಹೆಂಡತಿ, ನಮ್ಮ ಕಾಕೂನ ಬೆನ್ನಿನಿಂದ. ಎರಡು ವರ್ಷದ ಹಿಂದೆ ಅವರಿಗೆ ಬೆನ್ನಿನ ಆಪರೇಷನ್ ಆಯಿತು. ಧಕ್ಕೆ ತಾಗಬಾರದು ಎಂದು ಡಾಕ್ಟರು ಹೇಳಿದರು. ಅಂದಿನಿಂದ ಕಾಕು ಆಸ್ಪತ್ರೆ ಬಿಟ್ಟರೆ ಬೇರೆಲ್ಲೂ ಹೋಗಿಲ್ಲ. ಅವರ ಅವ್ವ ರಾಯಚೂರಿನಿಂದ ಆಚೆ ಒಂದು ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ನಾವೆಲ್ಲ ಅವರನ್ನು ಆಯಿ ಅನ್ನುತ್ತೇವೆ. ತೊಂಬತ್ತರ ಹತ್ತಿರ ವಯಸ್ಸು. ಎರಡು ವರ್ಷದಿಂದ ತಾಯಿ ಮಗಳು ಫೋನಿನೊಳಗೇ ಮುಖ ನೋಡಿಕೊಂಡಿದ್ದು. ಆಯಿ ಫೋನನ್ನು ಕಿವಿಗೆ ಹಿಡಿಯುತ್ತಿದ್ದರಿಂದ ಕಾಕು ಎರಡು ವರ್ಷ ನೋಡಿದ್ದು ಹೆಚ್ಚಾಗಿ ಅವ್ವನ ಕಿವಿಯನ್ನೇ.

“ಧಕ್ಕಿ ಆಗದ ಗಾಡಿ ಹುಡುಕಾಕತ್ತೀನಿ” ಎಂದು ಕಾಕಾ ಒಂದು ದಿನ ಸಾರಿದರು. “ಸಿಕ್ಕ ದಿನ ಆಕಿನ ಅವ್ವನ ಮುಂದ ಇಳಸ್ತೀನಿ.”

“ರೊಕ್ಕ ಎಲ್ಲೈತ್ರಿ ಕಾಕಾ?”

“ಪ್ಲಾಟ್ ಐತಲ್ಲ.”

ಊರ ಹೊರಗಿನ ಆ ಇನ್ನೂರು ಗಜದ ಪ್ಲಾಟನ್ನು ಇಪ್ಪತ್ತು ವರ್ಷದ ಹಿಂದೆ ಮಾಲೀಕನ ಮನೆಗೆ ಹದಿನಾಲ್ಕು ಸಲ ಅಲೆದು, ಅವನ ಹೆಂಡತಿಯೇ “ಕೊಟ್ಟು ಕಳಿಸಿ, ಈ ಮನುಷ್ಯ ಇನ್ನು ಬರುವುದು ಬೇಡ” ಅನ್ನುವ ಹಾಗೆ ಮಾಡಿ ಕೊಡಿಸಿದವನು ನಾನು. ಈ ಊರಿಗೆ ಬಂದ ಮೊದಲ ಆರು ವರ್ಷ ಕಾಕೂನ ಕೈಯ ರೊಟ್ಟಿ ಉಂಡಿದ್ದೆ. ಅದಕ್ಕೆ ನಾನು ತಿರುಗಿ ಮಾಡಿದ ಒಂದೇ ಒಂದು ಕೆಲಸ ಆ ಪ್ಲಾಟು. ಇಬ್ಬರ ಮುಪ್ಪಿಗೆ ಅದೇ ಆಸರೆ. ಅದನ್ನು ಮಾರಿ ನಾಲ್ಕು ಗಾಲಿ ತರುತ್ತಾರಂತೆ!

ತಡೆಯಲೇಬೇಕು ಎಂದು ನಾನೂ ಬೆನ್ನು ಹತ್ತಿದೆ. ಹೀಗೆ ಶುರುವಾಯಿತು ಮೊಸರಿನ ಪರೀಕ್ಷೆ.

ಪರೀಕ್ಷೆ ಸರಳ. ರಾತ್ರಿ ಹಾಲಿಗೆ ಹೆಪ್ಪು ಹಾಕುವುದು. ಅದೇ ಡಬ್ಬಿ, ಅಷ್ಟೇ ಹಾಲು, ಅಷ್ಟೇ ಹೆಪ್ಪು. ಬೆಳಿಗ್ಗೆ ಗಟ್ಟಿ ಕೂತ ಮೊಸರನ್ನು ಗಾಡಿಯ ಹಿಂದಿನ ಸೀಟಿನ ಮೇಲಿಟ್ಟು ಕೆಟ್ಟ ರಸ್ತೆಯಲ್ಲಿ ಹತ್ತು ಕಿಲೋಮೀಟರು ಓಡಿಸಿ ಮುಚ್ಚಳ ತೆಗೆಯುವುದು. ಮೊಸರು ಒಡೆದು ನೀರು ಬಿಟ್ಟಿದ್ದರೆ ರಿಜೆಕ್ಟ್.

“ತೊಡಿ ಮ್ಯಾಲ ಇಟ್ಕೊಂಡು ಕೂಡ್ರಿ ಕಾಕಾ, ಸೀಟಿಗೆ ಚೆಲ್ಲಿದ್ರ ಇವ್ರು ನಮ್ಮನ್ನ ಬಿಡೂದಿಲ್ಲ” ಎಂದೆ.

“ತೊಡಿ ಮ್ಯಾಲ ಇಟ್ರ ಅದು ನನ್ನ ತೊಡಿ ಪರೀಕ್ಷಾ ಆಕ್ಕೈತಿ, ಗಾಡೀದಲ್ಲ.”

ಮೊದಲ ಶೋರೂಮಿನ ಸೇಲ್ಸ್‌ಮನ್ ಟೈ ಕಟ್ಟಿದ ಹುಡುಗ. ಡಬ್ಬಿಯ ಮುಚ್ಚಳ ತೆಗೆಸಿ ಇಣುಕಿ, “ಪೆರುಗಾ ಅಂಕಲ್?” ಎಂದ. ತೆಲುಗಿನಲ್ಲಿ ಮೊಸರಿಗೆ ಪೆರುಗು. ಹೌದು ಎಂದು ಕಾಕಾ ತಲೆಯಾಡಿಸಿದರು. “ಊಟದ ಟೈಮ್ ಆಯಿತಾ?” ಎಂದು ಪಾಪ ಮರ್ಯಾದೆಯಿಂದಲೇ ಕೇಳಿದ.

ಆ ಗಾಡಿಯ ಬೆಲೆ ಎಪ್ಪತ್ತು ಲಕ್ಷದ ಮೇಲೆ. ಗಾಲಿ ನೋಡಿದರೆ ಇಷ್ಟೆತ್ತರ, ಅದರ ಮೇಲೆ ಟೈರು ಹಪ್ಪಳದಷ್ಟು. ಮೂರನೇ ಸ್ಪೀಡ್ ಬ್ರೇಕರಿಗೆ ಮೊಸರು ನಡುವೆ ಸೀಳು ಬಿಟ್ಟಿತು. “ಇದು ಸ್ಪೋರ್ಟಿ ಅಂಕಲ್, ರಸ್ತೆ ಫೀಲ್ ಆಗಬೇಕು” ಎಂದ ಹುಡುಗ.

“ರಸ್ತಾ ಫೀಲ್ ಆಗಾಕ ಎಪ್ಪತ್ತು ಲಕ್ಷ ಯಾಕೋ ತಮ್ಮಾ, ಸೈಕಲ್ ಸಾಕಲ್ಲ” ಎಂದರು ಕಾಕಾ. ಆ ದಿನ ನಾನು ಸಂತೋಷದಿಂದ ಎರಡು ಕಪ್ ಇರಾನಿ ಚಹಾ ಕುಡಿಸಿದೆ.

ಎಲ್ಲರೂ ಓಡಿಸುವ ಕಂಪನಿಯ ಹನ್ನೆರಡು ಲಕ್ಷದ ಗಾಡಿಯಲ್ಲಿ ಅಂಥದೇ ಮೊಸರು ಏಳು ಬ್ರೇಕರು ದಾಟಿ ಆಮೇಲೆ ಚೂರು ನೀರು ಬಿಟ್ಟಿತು. ನೋಡಿದಿರಾ? ಇದನ್ನು ಯಾವ ಜಾಹೀರಾತಿನಲ್ಲಿ ಹೇಳುತ್ತಾರೆ? ಕಾಕಾ ನನ್ನ ಗಾಡಿಯನ್ನೂ ಪರೀಕ್ಷೆಗೆ ಹಚ್ಚಿದರು. ಹನ್ನೊಂದು ಸಲ ಹೋಗಿ ಬೆಲೆ ಇಳಿಸಿ ತಂದ ಮೂರನೇ ಕೈಯ ಸಣ್ಣ ಗಾಡಿ ಅದು. ಅದರಲ್ಲಿ ಮಜ್ಜಿಗೆ ಆಗಿತ್ತು. ಉಪ್ಪು ಹಾಕಿದ್ದರೆ ಕುಡಿಯಬಹುದಿತ್ತು.

ನೀವು ಗಾಡಿ ಕೊಳ್ಳುವವರಿದ್ದರೆ ಒಂದು ಮಾತು ಕೇಳಿ, ಫುಕಟ್ ಹೇಳುತ್ತೇನೆ. ಶೋರೂಮಿನಲ್ಲಿ ಬಾಗಿಲು ಹಾಕಿ ತೋರಿಸುತ್ತಾರೆ, ಧಪ್ಪೆನ್ನುತ್ತದೆ. ಮರುಳಾಗಬೇಡಿ, ನೀವು ಕೂರುವುದು ಸೀಟಿನ ಮೇಲೆ, ಸಪ್ಪಳದ ಮೇಲಲ್ಲ. ಸೀಟಿನ ಚರ್ಮ ಯಾವ ದೇಶದ್ದು ಎಂದು ಅವರಾಗಿಯೇ ಹೇಳುತ್ತಾರೆ, ಹೆಡ್‌ಲೈಟ್ ಒಡೆದರೆ ಎಷ್ಟು ಎಂದು ನೀವಾಗಿ ಕೇಳಬೇಕು. ನಾನು ಕೇಳಿದೆ. ಆ ಒಂದು ಹೆಡ್‌ಲೈಟಿನ ದುಡ್ಡಿಗೆ ಒಂದು ಸ್ಕೂಟರ್ ಬರುತ್ತದೆ, ಆ ಸ್ಕೂಟರಿಗೂ ಹೆಡ್‌ಲೈಟ್ ಇರುತ್ತದೆ. ಮಾರಲು ಹೋದರೆ ಸಾಮಾನ್ಯ ಗಾಡಿಯ ಬೆಲೆ ಮೆಟ್ಟಿಲು ಇಳಿಯುತ್ತದೆ, ಇವುಗಳದು ಬಾವಿಗೆ ಬೀಳುತ್ತದೆ. ಇನ್ನು ಕಾಫಿ. ನೊರೆಯ ಮೇಲೆ ಕಂಪನಿಯ ಗುರುತು ಬಿಡಿಸಿ ಕೊಡುತ್ತಾರೆ. ಕುಡಿದರೆ ಗುರುತು ಹೋಗುತ್ತದೆ, ಬೆಲೆ ಹಾಗೇ ಇರುತ್ತದೆ.

ಐದನೇ ಶೋರೂಮಿನಲ್ಲಿ ನನ್ನ ಗ್ರಹಚಾರ ಕೆಟ್ಟಿತು. ಅದು ಗಾಳಿಯ ಮೇಲೆ ತೇಲುವ ಗಾಡಿ. ಸ್ಪ್ರಿಂಗ್ ಇರಬೇಕಾದ ಕಡೆ ಗಾಳಿ ತುಂಬಿದ ಚೀಲ. ಹತ್ತು ಕಿಲೋಮೀಟರು ಆಯಿತು. ಕಾಕಾ ಮುಚ್ಚಳ ತೆಗೆದರು. ಮೊಸರು ಕನ್ನಡಿಯ ಹಾಗೆ ಕೂತಿತ್ತು. ಡಬ್ಬಿಯನ್ನು ಓರೆ ಮಾಡಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಪಾಸ್.”

“ಕಾಕಾ, ಬೆಲಿ ನೋಡ್ರಿ. ಕೋಟಿಗೆ ಹತ್ರ ಐತಿ.”

“ನಾ ಮೊಸರು ನೋಡೀನಿ.”

“ಒಂದ ಮಾತು ಕಮ್ಮಿ ಕೇಳ್ತೀನಿ, ಸುಮ್ನ ಇರ್ರಿ. ಕಾಲಾಗ ಹಾಸೋ ಮ್ಯಾಟ್ ಆದ್ರೂ ಫುಕಟ್ ತಗೋತೀನಿ.”

“ಪಾಸ್ ಆದ ಮಾಲಿಗೆ ಚೌಕಾಶಿ ಮಾಡಬಾರದೋ. ಅದು ಮಾಲಿಗೆ ಅವಮಾನ.”

ಅವಮಾನ ಯಾರಿಗೆ? ಎದುರಿಗೆ ಕೂತ ನನಗೆ! ಅವರು ಬುಕಿಂಗ್ ಹಣ ಕಟ್ಟಿದರು. ಸೇಲ್ಸ್‌ನವನು ಎದ್ದು ನಿಂತು ಕೈ ಕುಲುಕಿ, ಗಾಡಿ ಬರಲು ನಾಲ್ಕು ತಿಂಗಳು ಎಂದ. ಕೋಟಿ ಕೊಟ್ಟು ಪಾಳಿ ಬೇರೆ ಹಚ್ಚಬೇಕು. ರೇಷನ್ ಅಂಗಡಿಯಲ್ಲಾದರೂ ಅಕ್ಕಿ ಅದೇ ದಿನ ಕೊಡುತ್ತಾರೆ. ಹದಿನೈದು ದಿನ ನಾನು ಕಾಕಾನ ಮನೆಯ ಕಡೆ ತಲೆ ಹಾಕಲಿಲ್ಲ. ಪ್ಲಾಟಿಗೆ ಗಿರಾಕಿ ಸಿಕ್ಕಿದ್ದಾನೆ, ತಿಂಗಳ ಕೊನೆಗೆ ಕಾಗದ ಆಗುತ್ತದೆ ಎಂದು ಬೇರೆಯವರಿಂದ ಕೇಳಿ ಇನ್ನಷ್ಟು ಉರಿದೆ.

ಆಗ ಕಾಕೂಗೆ ಆಯಿಯ ಫೋನು ಬಂತು. ನಾಲ್ಕು ತಿಂಗಳು ಎಂಬ ಸುದ್ದಿ ಹಳ್ಳಿಗೆ ಮುಟ್ಟಿತ್ತು.

“ನಾಕು ತಿಂಗಳಾ? ನನ್ನ ವಯಸ್ಸಿನಾಗ ಯಾರರ ನಾಕು ತಿಂಗಳ ಸಾಲ ಕೊಡ್ತಾರೇನ? ನಾನ ಬರ್ತೀನಿ. ಹೊಳಿ ತನಕ ಹೆಂಗಸ್ರಿಗೆ ಬಸ್ ಫುಕಟ್. ಹೊಳಿ ದಾಟಿದ್ರ ಆಕಡಿ ಸರ್ಕಾರದ ಬಸ್ಸೂ ಫುಕಟ್ ಅಂತ. ನಾಳಿಗೆ ಹೊಂಟೀನಿ.”

ತಮಾಷೆಯಲ್ಲ. ಗಂಟು ಕಟ್ಟಿ ಬಾಗಿಲಿಗೆ ಇಟ್ಟಾಗಿದೆ, ನಾವು ಹೇಳಿದರೆ ಕೇಳುತ್ತಿಲ್ಲ ಎಂದು ಮಗ ಹಿಂದಿನಿಂದ ಕೂಗುತ್ತಿದ್ದರು. ಕಾಕು ಫೋನಿಟ್ಟು ನನಗೆ ಹಚ್ಚಿದರು.

“ತಮ್ಮಾ, ಮುಂಜಾನೆ ನಿನ್ನ ಗಾಡಿ ತಗೊಂಡು ಬಾ. ನೀ ಬರಬ್ಯಾಡ, ನಾನ ಬರ್ತೀನಿ ಅಂತ ಅವ್ವಗ ಹೇಳೀನಿ.”

“ನನ್ನ ಗಾಡಿ ಏನಾಗೇತಿ ಗೊತ್ತಲ್ಲ ಕಾಕು? ಮಜ್ಜಿಗಿ...”

“ಅವ್ವ ಬಸ್ಸಿನಾಗ ಬಂದು ಬಿದ್ರ ಏನ್ ಮಾಡ್ಲಿ? ನೀ ಬಾ.”

ಬೆಳಿಗ್ಗೆ ಹೊರಟೆವು. ಕಾಕಾ ಹಿಂದಿನ ಸೀಟಿನಲ್ಲಿ ಕಾಕೂನ ಪಕ್ಕ ಕೂತರು. ಜಡಚರ್ಲ ದಾಟುವವರೆಗೆ ರಸ್ತೆ ಹಾಸಿದ ಹಾಗಿತ್ತು. ಮೆಹಬೂಬನಗರದ ಆಚೆ ಊರಿಗೊಂದು ಉಬ್ಬು, ಉಬ್ಬಿಗೆ ಮೊದಲೊಂದು ತಗ್ಗು. ನಾನು ಮೂವತ್ತರ ಮೇಲೆ ಓಡಿಸಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಾಕಾನ ಕೈ ಸೀಟಿನ ಮೇಲೆ ಕಾಕೂನ ಹಿಂದೆ ತಡಕಾಡುತ್ತಿತ್ತು. ಸೀಟಿನ ಸ್ಪಂಜು ತಪಾಸಣೆ ನಡೆದಿದೆ, ಇನ್ನೊಂದು ಗಳಿಗೆಗೆ ನನ್ನ ಗಾಡಿಯ ಮಾನ ಹರಾಜು ಎಂದು ಉತ್ತರ ಸಿದ್ಧಮಾಡಿಕೊಂಡೆ.

“ಬಂತು” ಎಂದರು ಕಾಕಾ ಮೆಲ್ಲಗೆ. ಮುಂದೆ ಉಬ್ಬು ಇತ್ತು.

ಗಾಡಿ ಉಬ್ಬು ಹತ್ತಿ ಇಳಿಯಿತು. ಕನ್ನಡಿಯಲ್ಲಿ ಕಾಕೂನ ತಲೆ ಅಲುಗಲಿಲ್ಲ. ಆಗ ಸರಿಯಾಗಿ ನೋಡಿದೆ. ಕಾಕಾ ಒಂದು ಅಂಗೈಯನ್ನು ಕಾಕೂನ ನಡುವಿನ ಹಿಂದೆ, ಇನ್ನೊಂದನ್ನು ಅವರ ಕೆಳಗೆ ಸೀಟಿನ ಮೇಲೆ ಇಟ್ಟಿದ್ದರು. ಉಬ್ಬು ಬಂದಾಗ ಇಡೀ ಭಾರವನ್ನು ಕೂದಲೆಳೆಯಷ್ಟು ಎತ್ತಿ, ದಾಟಿದ ಮೇಲೆ ಇಳಿಸುತ್ತಿದ್ದರು. ಮತ್ತೆ “ಬಂತು”. ಮತ್ತೆ ಎತ್ತುವುದು. ಕಾಕು ಕಿಟಕಿಯಾಚೆ ಹತ್ತಿಯ ಹೊಲ ನೋಡುತ್ತ ಕೂತಿದ್ದರು. ಮಖ್ತಲ್ ಬಂತು, ಹೊಳೆ ಬಂತು, ರಾಯಚೂರು ಬಂತು. ಆಮೇಲೆ ಹಳ್ಳಿಯ ರಸ್ತೆ. ಆ ಕೈಗಳು ಅಲ್ಲಿಂದ ಸರಿಯಲಿಲ್ಲ.

ಆಯಿ ಬಾಗಿಲಲ್ಲಿ ಗಂಟಿನ ಮೇಲೆಯೇ ಕೂತಿದ್ದರು. ಮಗಳು ಹತ್ತಿರ ಬಂದ ಮೇಲೆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ಫೋನಿನಾಗ ಭಾಳ ಸಣ್ಣ ಕಾಣ್ತಿದ್ದಿ” ಎಂದರು.

ಚಹಾ ಬಂತು. ಕಾಕಾ ಕಪ್ಪಿಗೆ ಕೈ ಚಾಚಿದರು. ಬೆರಳು ಮಡಚಲೊಲ್ಲವು. ಅಂಗೈ ಬಿಳುಚಿ, ಸೀಟಿನ ಹೊಲಿಗೆಯ ಗೆರೆ ಅಚ್ಚೊತ್ತಿತ್ತು. ಕೈಯನ್ನು ಪಂಚೆಯಡಿ ಸರಿಸಿಕೊಂಡರು. ಕಾಕು ನೋಡಿದರು. ಚಹಾವನ್ನು ಬಶಿಗೆ ಸುರುವಿ, ಊದಿ, ಗಂಡನ ಬಾಯಿಗೆ ಹಿಡಿದರು.

“ಬಂದು ಮುಟ್ಟಿದ್ನಲ್ರಿ. ಆ ಗಾಡಿ ಬ್ಯಾಡ.”

“ಈ ಸಲ ತಡದ್ವು” ಎಂದರು ಕಾಕಾ ಕುಡಿಯುತ್ತ. “ಕೈಗೂ ವಯಸ್ಸಾತು. ಮುಂದಿನ ಸಲಕ್ಕ ಗಾಡಿ ಬೇಕ.”

ಹೆಡ್‌ಲೈಟು, ಟೈರು, ಬಾವಿಗೆ ಬೀಳುವ ಬೆಲೆ, ಎಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಎರಡು ದಿನ ಬಿಟ್ಟು ಹೊರಡುವಾಗ ಅದೇ ಹಳ್ಳಿಯ ಒಬ್ಬ ಡ್ರೈವರನನ್ನು ಕರೆದೆ. ಅವನು ಕೇಳಿದಷ್ಟಕ್ಕೆ ಹೂಂ ಎಂದೆ. ಅವನಿಗೇ ಅನುಮಾನ ಬಂದು ಇನ್ನೊಮ್ಮೆ ಹೇಳಿದ, ಇನ್ನೊಮ್ಮೆ ಹೂಂ ಎಂದೆ. ಕಾಕೂನ ಆ ಮಗ್ಗುಲಿಗೆ ಕಾಕಾ ಕೂತಿದ್ದರು. ಈ ಮಗ್ಗುಲಿಗೆ ನಾನು ಹತ್ತಿದೆ.

“ಇದೇನೋ ತಮ್ಮಾ, ಮುಂದಿನ ಸೀಟ್ ಖಾಲಿ ಐತಿ” ಎಂದರು ಕಾಕು.

“ಮುಂದ ಕುಂತ್ರ ಡ್ರೈವರ್‌ಗೆ ಬುದ್ಧಿ ಹೇಳ್ತೀನಿ ಕಾಕು. ಅವ ಗಾಡಿ ಬಿಟ್ಟು ಓಡಿಹೋದಾನು.”

ಊರ ಅಗಸಿ ಬಾಗಿಲು ದಾಟಿದೆವು. ಮೊದಲ ತಗ್ಗು ಕಂಡಿತು. ನಾನು ಅಂಗೈಯನ್ನು ಕಾಕೂನ ನಡುವಿನ ಹಿಂದೆ ತೂರಿಸಿದೆ. ಅಲ್ಲಿ ಆಗಲೇ ಇದ್ದ ಕಾಕಾನ ಬೆರಳು ತಾಗಿತು. ಅವರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ತಮ್ಮ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಅಲ್ಲಲ್ಲ” ಎಂದರು. “ಇನ್ನೆರಡು ಬೆರಳು ಕೆಳಗ ಹಿಡಿ.”