ಅರಗು ಒತ್ತಿದ ಸರ್ವರ್

ಬೀಗ ಹಾಕಿದ ಮೇಲೂ ಜಗ್ಗಿ ಜಗ್ಗಿ ನೋಡುವ ಜಾತಿಯವನು ನಾನು. ಹೊರಟ ಬಸ್ಸಿನಿಂದ ಇಳಿದು ಬಂದು ಜಗ್ಗಿದ್ದೂ ಉಂಟು. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ನಾನು ಜವಾಬ್ದಾರಿ ಎನ್ನುತ್ತಿದ್ದೆ. ಈಗ ಆ ಶಬ್ದ ಬಾಯಿಗೆ ಬಂದರೆ ನನಗೇ ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಫಜಲಪುರದ ಒಂದು ಸಹಕಾರಿ ಸಂಘದ ಮ್ಯಾನೇಜರ್. ಆಗಷ್ಟೇ ಕಂಪ್ಯೂಟರುಗಳು ಬಂದಿದ್ದವು. ಎಲ್ಲವುಗಳ ತಂತಿ ಹೋಗಿ ಸೇರುತ್ತಿದ್ದುದು ಸರ್ವರ್ ಎಂಬ ದೊಡ್ಡ ಪೆಟ್ಟಿಗೆಗೆ. ಒಂದು ದಿನ ಸದಸ್ಯರ ಲೆಕ್ಕವೆಲ್ಲ ಅಳಿಸಿಹೋಗಿ, ಗುಮಾನಿ ಗುಮಾಸ್ತ ರಸೂಲನ ಮೇಲೆ ಬಂತು. ಅವನು ಅಮಾನತಾದ. ಅವನ ತಂಗಿಯನ್ನು ಕೇಳಿದ್ದ ಜೇವರ್ಗಿಯ ಬೀಗರು, "ಮೊದಲ ಫೈಸಲಾ ಆಗ್ಲಿ, ಆಮ್ಯಾಲ ಮದುವಿ" ಎಂದು ಕೂತರು. ತಪಾಸಣೆಗೆ ಬಂದ ತಜ್ಞರು ರಸೂಲನ ಕಂಪ್ಯೂಟರಿನ ಡಿಸ್ಕನ್ನು, ಅಳಿಸಿದ್ದೂ ಸೇರಿ, ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಸರ್ವರಿನಲ್ಲಿಟ್ಟರು.

"ಸೋಮವಾರ ಬಂದು ನೋಡ್ತೇನಿ. ಅಲ್ಲೀತನಕ ಯಾರೂ ಮುಟ್ಟಬಾರ್ದ್ರಿ. ಒಂದಕ್ಷರ ಬದಲಾದ್ರೂ ಸಾಕ್ಷಿ ಕೆಟ್ಟಂಗ" ಎಂದು ನನಗೆ ಹೇಳಿ ಹೋದರು.

ಸಾಕ್ಷಿ ಎಂದರೆ ನನಗೆ ಗೊತ್ತಿದ್ದದ್ದು ಪೊಲೀಸರ ಜಪ್ತಿ ಮಾಲು: ಬಟ್ಟೆ ಸುತ್ತಬೇಕು, ಹೊಲಿಯಬೇಕು, ಅರಗಿನ ಸೀಲು ಒತ್ತಬೇಕು. ದಪ್ಪ ಬಟ್ಟೆ ತರಿಸಿ, ಚಾಲೂ ಇದ್ದ ಸರ್ವರನ್ನೇ ಕೂಸಿಗೆ ಕುಲಾವಿ ಕಟ್ಟಿದಷ್ಟು ಅಕ್ಕರೆಯಿಂದ ಸುತ್ತಿ, ಹೊಲಿಗೆಯುದ್ದಕ್ಕೂ ಅರಗು ಒತ್ತಿಸಿದೆ. ಅಫಜಲಪುರದ ಮೇ ತಿಂಗಳು. ಹೊಳೆಯಿಂದ ಬರುವ ಗಾಳಿಯೂ ಕಾದೇ ಬರುತ್ತಿತ್ತು. ಗಂಟಿನೊಳಗಿಂದ ಗುಂಯ್ ಎಂಬ ಸದ್ದು ಕೇಳಿದಾಗ, ಸಾಕ್ಷಿ ಜೀವಂತವಾಗಿದೆ ಎಂದು ಖುಷಿಪಟ್ಟೆ. ಆ ದಿನ ಬೀಗವನ್ನು ಎಷ್ಟು ಜಗ್ಗಿದೆನೋ!

ಸೋಮವಾರ ತಜ್ಞರು ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಸೂಲನೂ ಬಂದು ಬಾಗಿಲಲ್ಲಿ ನಿಂತ. ಬಟ್ಟೆ ಬಿಚ್ಚುತ್ತಿದ್ದಂತೆ ಸುಟ್ಟ ವಾಸನೆ ಹೊಡೆಯಿತು.

"ಗಾಳಿ ಹೋಗೂ ತೂತೆಲ್ಲ ಮುಚ್ಚೀರಲ್ರೀ! ಡಿಸ್ಕ್ ಕೆಟ್ಟು ಹೋಗೈತಿ. ಹೆಣಕ್ಕ ಸುತ್ತಿದಂಗ ಮಷೀನಿಗೆ ಕಫನ್ ಸುತ್ತೋದಾ?" ಎಂದು ತಜ್ಞರು ತಲೆ ಚಚ್ಚಿಕೊಂಡರು.

"ಅಂದ್ರ ನಂದು ಮತ್ತ ಮುಂದಕ್ ಹೋತೇನ್ರಿ, ಸಾಹೇಬ್ರ?" ಎಂದು ರಸೂಲ ಮೆಲ್ಲಗೆ ಕೇಳಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಹೊಸ ಡಿಸ್ಕ್ ಬಂದು, ರಸೂಲನ ಕಂಪ್ಯೂಟರಿನಿಂದ ಮತ್ತೆ ನಕಲು ತೆಗೆದು ನೋಡುವಷ್ಟರಲ್ಲಿ ಆ ವರ್ಷದ ಲಗ್ನದ ದಿನಗಳೇ ಮುಗಿದಿದ್ದವು. ಲೆಕ್ಕವನ್ನು ಯಾರೂ ಅಳಿಸಿರಲಿಲ್ಲ. ಕರೆಂಟು ಹೋಗಿ ಬಂದ ಹೊಡೆತಕ್ಕೆ ಹಾಳಾಗಿತ್ತು. ರಸೂಲ ಕೆಲಸಕ್ಕೆ ಮರಳಿದ, ಮುಂದಿನ ವರ್ಷ ತಂಗಿಯ ಮದುವೆಯೂ ಆಯಿತು. ಕೆಲಸಕ್ಕೆ ಬಂದ ಮೊದಲ ದಿನವೇ ಅವನು ನನ್ನ ಮೇಜಿನ ಮೇಲಿದ್ದ, ಆಫೀಸಿಗೆಲ್ಲ ಒಂದೇ ಆದ ಟೇಬಲ್ ಫ್ಯಾನನ್ನು ಎತ್ತಿ, ಸರ್ವರಿನ ಮುಂದಿಟ್ಟ. ನಾನು ವರ್ಗವಾಗಿ ಹೋಗುವತನಕ ಅದು ಅಲ್ಲೇ ತಿರುಗಿತು. ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಿದ್ದೆ. ಸ್ವಲ್ಪ ಈ ಕಡೆ ತಿರುಗಿಸಪ್ಪಾ ಎನ್ನಲು ನನಗೆ ಬಾಯಾದರೂ ಎಲ್ಲಿತ್ತು?