ಮಹಾಪ್ರಾಣ ನುಂಗಿದ ಮೈಕಿಗೆ

ನಮ್ಮ ಚರ್ಚಿನ ಕೊರಳಪಟ್ಟಿಗೆ ಸಿಕ್ಕಿಸುವ ಮೈಕು ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಕಡಲೆಕಾಳಿನಷ್ಟಿದ್ದೂ ಇಡೀ ಸಭೆಯನ್ನು ಆಳುವ ತಮಗೆ, ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತನಾದ, ಪ್ರತಿ ಭಾನುವಾರ ಬೈಬಲ್ ವಾಚನ ಮಾಡುವ, ಬೆನ್ನ ಹಿಂದೆ ಎಲ್ಲರೂ 'ಮಹಾಪ್ರಾಣ ಮೇಷ್ಟ್ರು' ಎಂದು ಕರೆಯುವ ಈ ಬಡಪಾಯಿಯ ವಂದನೆಗಳು. ತಾವು ತಂತಿ, ಬ್ಯಾಟರಿ ಸಮೇತ ಕ್ಷೇಮವೆಂದು ನಂಬಿದ್ದೇನೆ. ಇಲ್ಲದಿದ್ದರೂ ನನಗೇನೂ ದುಃಖವಿಲ್ಲ.

ಆ ಹೆಸರು ಸುಮ್ಮನೆ ಬಂದುದಲ್ಲ. 'ಭಕ್ತಿ'ಯನ್ನು 'ಬಕ್ತಿ' ಎಂದವರನ್ನು ನಾನು ದೇವರ ಎದುರಿಗೂ ಬಿಟ್ಟವನಲ್ಲ. ನನ್ನ ಹಿಂದಿನ ಬೆಂಚಿನ ದರ್ಜಿಯಮ್ಮ ಹೋದ ತಿಂಗಳು ಮೊದಲ ಸಲ ವಾಚನಕ್ಕೆ ನಿಂತು ಹನ್ನೊಂದು ಮಹಾಪ್ರಾಣಗಳ ಪ್ರಾಣ ತೆಗೆದಾಗ, ಆರಾಧನೆ ಮುಗಿದದ್ದೇ ತಡ, ಬಾಗಿಲಲ್ಲಿ ತಡೆದು ಹನ್ನೊಂದನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಆಕೆ ಅದನ್ನು ಮಡಚಿ ಅಳತೆಪಟ್ಟಿಯ ಜೊತೆ ಚೀಲಕ್ಕೆ ಹಾಕಿಕೊಂಡರು. ಮತ್ತೆ ವಾಚನಕ್ಕೆ ಹೆಸರು ಕೊಡಲಿಲ್ಲ. ಕನ್ನಡ ಉಳಿಯಿತೆಂದು ನಾನು ಅಂದು ಎರಡು ತುತ್ತು ಹೆಚ್ಚೇ ಉಂಡೆ.

ಇನ್ನು ಹೋದ ಭಾನುವಾರದ ವಿಷಯ. ಅಂದಿನ ವಾಚನದಲ್ಲಿ 'ಭಯಪಡಬೇಡಿರಿ' ಎಂಬ ಮಾತು ನಾಲ್ಕು ಸಲ ಬರುತ್ತಿತ್ತು. ಕನ್ನಡಿ ಮಬ್ಬಾಗುವಂಥ 'ಭ'ವನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ತಾವೋ, ನನ್ನ ಉಸಿರು ತಾಕಿದಾಗಲೆಲ್ಲ 'ಢಬ್' ಎಂದು ಸಿಡಿದು, ನಾನು ಭಯಪಡಬೇಡಿರಿ ಎಂದಷ್ಟು ಸಲವೂ ಸಭೆಗೆ ಸಭೆಯೇ ಬೆಚ್ಚಿಬೀಳುವಂತೆ ಮಾಡಿದಿರಿ. ಪಾದ್ರಿಗಳ ಕೈಯಿಂದ ಕನ್ನಡಕ ಬಿತ್ತು. ನಾಲ್ಕನೆಯ ಸಿಡಿತಕ್ಕೆ ತಾವು ಕಣ್ಮುಚ್ಚಿದಿರೆಂದುಕೊಂಡು, ತಮ್ಮನ್ನು ಕಳಚದೆಯೇ ಹೋಗಿ ಕುಳಿತೆ.

ಆಮೇಲೆ ಮೌನ ಪ್ರಾರ್ಥನೆ. ಅಂದು ನನ್ನ ಪಕ್ಕದ ಜಾಗ ಖಾಲಿಯಿತ್ತು. ಮನೆಯವಳಿಗೆ ನೆಗಡಿ ಎಂದು ಕೇಳಿದವರಿಗೆಲ್ಲ ಹೇಳಿದ್ದೆ. ಮರುದಿನವೇ ಅವಳ ಹೃದಯಕ್ಕೆ ಆಪರೇಷನ್ ಇತ್ತು. ಊರಿನವರ ಅನುಕಂಪ ನನ್ನಂಥವನಿಗೇಕೆ ಎಂಬ ಬಿಂಕದಲ್ಲಿ ಯಾರಿಗೂ ತಿಳಿಸಿರಲಿಲ್ಲ. ತಲೆ ತಗ್ಗಿಸಿ, ತುಟಿಯಂಚಿನಲ್ಲಿ, ದೇವರಿಗೊಬ್ಬನಿಗೇ ಅಂದೆ: "ದೇವ್ರೇ, ನಾಳೆ ಅವಳ ಎದೆ ಕೊಯ್ತಾರೆ. ನಂಗೆ ಬಯ ಆಗ್ತಿದೆ."

ತಾವು ಎಚ್ಚರಗೊಳ್ಳಲು ಆರಿಸಿಕೊಂಡ ಮುಹೂರ್ತ ಅದೇ! ನಾಲ್ಕು ಗೋಡೆಗಳ ನಾಲ್ಕು ಸ್ಪೀಕರುಗಳಿಂದಲೂ ನನ್ನ ಗುಟ್ಟು ಗಂಟೆಯ ಹಾಗೆ ಮೊಳಗಿತು. ಗುಟ್ಟು ಹೋದರೆ ಹೋಗಲಿ, ಸ್ವಾಮಿ, 'ಬಯ'! ಯಾವುದಕ್ಕೆ ಎಷ್ಟೋ ಮಕ್ಕಳ ಅಂಕ ಕಳೆದಿದ್ದೆನೋ ಅದೇ 'ಬಯ', ಉಸಿರಿನ ಸುಳಿವೂ ಇಲ್ಲದೆ, ನನ್ನದೇ ಬಾಯಿಂದ.

ಹಿಂದಿನಿಂದ ಹೆಗಲ ಮೇಲೊಂದು ಕೈ ಬಂತು, ಬೆರಳಿಗಿನ್ನೂ ದಾರದ ಎಳೆ ಅಂಟಿತ್ತು. "ಬಯಪಡಬೇಡಿ ಮೇಷ್ಟ್ರೇ, ನಾವಿದೀವಲ್ಲ." ಅದನ್ನೂ ತಾವು ಬಿತ್ತರಿಸಿದಿರಿ. ಚಾಳಿಯಂತೆ ತಿದ್ದಲು ಬಾಯಿ ತೆರೆದೆ, ಅಳು ಬಂತು. ನಾನು ನಾಲ್ಕು ಸಲ ಗುಡುಗಿದ ಮಾತು ನನಗೇ ಕೇಳಿಸಿದ್ದು ಆಗ. ಸೋಮವಾರ ದರ್ಜಿಯಮ್ಮ ಅಂಗಡಿ ಮುಚ್ಚಿ, ಆಸ್ಪತ್ರೆಯ ಪಡಸಾಲೆಯಲ್ಲಿ ಸಂಜೆಯವರೆಗೂ ನನ್ನ ಪಕ್ಕದಲ್ಲೇ ಕುಳಿತು ಯಾರದೋ ಅಂಗಿಗೆ ಗುಂಡಿ ಹೊಲಿದರು. ಮನೆಯವಳು ಬದುಕಿದಳು. ನನ್ನ 'ಬಯ'ದ ವಿಷಯ ಕೇಳಿ, ಹೊಲಿಗೆ ಬಿಚ್ಚೀತೆಂದು ನರ್ಸ್ ಗದರುವಷ್ಟು ನಕ್ಕಳು.

ಆದಕಾರಣ ನನ್ನ ವಿನಂತಿಯೆಂದರೆ, ಇನ್ನೂರು ಕಿವಿಗಳನ್ನು ಹೊಕ್ಕ ಆ 'ಬ'ವನ್ನು ತಾವು ಒಂದೊಂದಾಗಿ ಹೊರತೆಗೆದು ನನಗೆ ಹಿಂದಿರುಗಿಸಬೇಕು. ಮೇಲಕ್ಕೆ ಹೋದದ್ದನ್ನು ಮಾತ್ರ ಮುಟ್ಟಬೇಡಿ. ತಪ್ಪಿರುವ ಅರ್ಜಿಯೇ ಅಲ್ಲಿ ಮಂಜೂರಾಗಿದೆ. ಅಲ್ಲಿ ಅಂಕ ಕಳೆಯುವ ಪದ್ಧತಿ ಇಲ್ಲವೆಂದು ಕಾಣುತ್ತದೆ.

ಇಂತಿ,
ತಮ್ಮ ವಿಶ್ವಾಸಿ (ಈ ಪದವನ್ನು ಇಷ್ಟು ವರ್ಷ ಪತ್ರದ ಕೊನೆಗಷ್ಟೇ ಬಳಸುತ್ತಿದ್ದೆ),
ಅಲ್ಪಪ್ರಾಣ ಮೇಷ್ಟ್ರು

ವಿ.ಸೂ.: ಆ ಚೀಟಿಯನ್ನು ವಾಪಸು ಕೇಳಿದೆ, ಅದರ ಬೆನ್ನಿಗೆ ಯಾರದೋ ತೋಳಿನ ಅಳತೆ ಬರೆದಾಗಿದೆಯಂತೆ. ಬರುವ ಭಾನುವಾರ, ನಾನೇ ಕೈಮುಗಿದು ಕೇಳಿಕೊಂಡ ಮೇಲೆ, ದರ್ಜಿಯಮ್ಮ ವಾಚನ ಮಾಡುತ್ತಾರೆ. ಅವರ ಒಂದೇ ಒಂದು 'ಬ'ವನ್ನು ತಾವು ನುಂಗಿದರೂ, ಅವರ ಕೈಯಿಂದಲೇ ತಮ್ಮನ್ನು ನನ್ನ ಹಳೇ ಕೋಟಿಗೆ ಗುಂಡಿಯಾಗಿ ಹೊಲಿಸುತ್ತೇನೆ.