ಡಬ್ಬಿ ಮೊದಲೋ ಕೊನೆಗೋ

ಗುಮಾಸ್ತರ ಗ್ರಹಚಾರ ಕೆಟ್ಟಿದ್ದು ಅಂಗೈಯಗಲದ ಒಂದು ಡಬ್ಬಿಯಿಂದ.

ಅದರ ಹೆಸರು ಲೂಪರ್ ಪೆಡಲ್. ಕಾಲಲ್ಲಿ ಒಮ್ಮೆ ತುಳಿದರೆ ಒಳಗೆ ಬಂದ ದನಿಯನ್ನೆಲ್ಲ ಮುದ್ರಿಸಿಕೊಳ್ಳುತ್ತದೆ, ಇನ್ನೊಮ್ಮೆ ತುಳಿದರೆ ಅದನ್ನೇ ಸುತ್ತಿ ಸುತ್ತಿ ನುಡಿಸುತ್ತದೆ. ಹೇಳಿದ್ದನ್ನೇ ಹೇಳುವುದರಲ್ಲಿ ಅವರ ಆಫೀಸಿನ ಸಾಹೇಬರಿಗಿಂತ ಒಂದು ಕೈ ಮೇಲು. ಗಿಟಾರಿನ ದನಿಗೆ ಬಗೆಬಗೆಯ ಬಣ್ಣ ಕೊಡುವ ಡಿಜಿಟಲ್ ಪೆಟ್ಟಿಗೆಯೊಂದು ಮೊದಲೇ ಮನೆಯಲ್ಲಿತ್ತು. ಈಗಿನ ಪ್ರಶ್ನೆ ಏನಪ್ಪಾ ಅಂದರೆ, ಈ ಡಬ್ಬಿಯನ್ನು ಪೆಟ್ಟಿಗೆಗಿಂತ ಮೊದಲು ಜೋಡಿಸಬೇಕೋ, ಆಮೇಲೋ?

ಹುಡುಗಾಟದ ವಿಷಯವಲ್ಲ. ಹದಿನೈದು ದಿನದ ಹಿಂದೆ ಕಟ್ಟಡದ ಸಂಘಕ್ಕೆ ಹೆಸರಿಲ್ಲದ ದೂರೊಂದು ಬಂದಿತ್ತು: ಮೂರನೇ ಮಹಡಿಯ ಗಿಟಾರಿನಿಂದ ಜೀವ ಸಾಕಾಗಿದೆ, ದಯವಿಟ್ಟು ಕಾಪಾಡಿ. ಸಂಘದ ಕಾರ್ಯದರ್ಶಿ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು. "ಭಾನುವಾರ ಸಂಜೆ ಎಲ್ಲರ ಮುಂದೆ ನುಡಿಸಿ. ಜನ ಒಪ್ಪಿದ್ರೆ ಗಿಟಾರು ಇರ್ಲಿ, ಇಲ್ದಿದ್ರೆ ಕಟ್ಟಡದಿಂದ ಆಚೆ" ಎಂದಿದ್ದರು. ವಾರವಿಡೀ ಫೈಲುಗಳ ನಡುವೆ ಬೈಸಿಕೊಳ್ಳುವ ಗುಮಾಸ್ತರಿಗೆ ಆ ಗಿಟಾರು ಬಿಟ್ಟರೆ ಬೇರೆ ಸುಖವೇ ಇರಲಿಲ್ಲ.

ಆ ಭಾನುವಾರ ಬೆಳಗ್ಗೆ ಡಬ್ಬಿಯನ್ನು ಮೊದಲು ಇಟ್ಟು ನೋಡಿದರು. ಮೆಲುವಾದ ಹಿನ್ನೆಲೆ ನುಡಿಸಿ ಮುದ್ರಿಸಿದರು. ಅದರ ಮೇಲೆ ಖಾರವಾಗಿ ಒಂದು ನುಡಿಸೋಣವೆಂದು ಪೆಟ್ಟಿಗೆಯಲ್ಲಿ ದನಿ ಬದಲಿಸಿದರೆ ಹಿನ್ನೆಲೆಗೂ ಅದೇ ಖಾರ ಹತ್ತಿ, ಮಿಕ್ಸಿಯಲ್ಲಿ ಚಮಚ ಬಿದ್ದಂಥ ಸದ್ದಾಯಿತು.

ಸದ್ದು ಕೇಳಿ ಕೆಳಮನೆಯ ಟೈಲರ್ ಹೆಗಲ ಮೇಲೆ ಟೇಪು ಹಾಕಿಕೊಂಡೇ ಹತ್ತಿ ಬಂದ. ವಿಷಯ ಕೇಳಿ ನಕ್ಕ.

"ಶರ್ಟು ಹೊಲಿದ್ಮೇಲೆ ಬಣ್ಣದಲ್ಲಿ ಅದ್ದಿದ್ರೆ ತೋಳು, ಕಾಲರು ಎಲ್ಲಾ ಒಂದೇ ಬಣ್ಣ ಆಗುತ್ತೆ ಗುಮಾಸ್ತ್ರೇ. ಮೊದ್ಲು ಬಟ್ಟೆಗೆ ಬಣ್ಣ, ಆಮೇಲೆ ಹೊಲಿಗೆ. ಡಬ್ಬೀನ ಕೊನೆಗೆ ಇಡಿ."

ದೂರು ಬರೆದವನು ಇವನೇ ಎಂದು ಗುಮಾಸ್ತರಿಗೆ ಮೊದಲಿಂದಲೂ ಗುಮಾನಿ. ಸಂಜೆ ತನ್ನ ಮಾನ ಕಳೆಯುವುದಕ್ಕೇ ಬುದ್ಧಿ ಹೇಳುತ್ತಿದ್ದಾನೆ ಎಂದುಕೊಂಡು, "ನೋಡೋಣ ನೋಡೋಣ" ಎಂದು ಸಾಗಹಾಕಿದರು. ಮಧ್ಯಾಹ್ನದವರೆಗೂ ಡಬ್ಬಿ ಮೊದಲೇ ಇತ್ತು, ಚಮಚವೂ ಮಿಕ್ಸಿಯಲ್ಲೇ ಇತ್ತು.

ಕೊನೆಗೆ ಅಡುಗೆಮನೆಯಿಂದ ಹೆಂಡತಿ ಬಂದಳು. "ಅವ್ರು ಹೇಳಿದ್ದು ಸರಿಯಾಗೇ ಇದೆಯಲ್ರೀ. ಕೊನೆಗೇ ಇಟ್ಟು ಇದನ್ನ ಮುಗಿಸಬಾರ್ದೇ?"

ಇಟ್ಟರು. ಹಿನ್ನೆಲೆ ತಣ್ಣಗೆ ಉಳಿಯಿತು, ಮೇಲಿನ ನುಡಿಗಷ್ಟೇ ಖಾರ ಹತ್ತಿತು. ಗುಮಾಸ್ತರ ಕಣ್ಣು ಒದ್ದೆಯಾಯಿತು. ಎಂಥ ಹೆಂಡತಿ ಸಿಕ್ಕಿದಳಲ್ಲ ತನಗೆ ಎಂದು ಮನಸ್ಸು ತುಂಬಿ ಬಂತು.

ಸಂಜೆ ಸಭಾಂಗಣ ತುಂಬಿತ್ತು. ಸಂಘದ ಹಳೇ ಧ್ವನಿವರ್ಧಕ ಸರಿಯಾಗಿ ಆಗಲೇ ಕೈಕೊಟ್ಟಿತು.

"ನಿಮ್ಮ ಪೆಟ್ಟಿಗೇಲಿ ಮೈಕಿಗೂ ಒಂದು ತೂತು ಇದೆಯಲ್ಲ?" ಎಂದರು ಹೆಡ್‌ಮೇಷ್ಟ್ರು. ಗುಮಾಸ್ತರು ಮೈಕನ್ನು ಪೆಟ್ಟಿಗೆಗೆ ಸಿಕ್ಕಿಸಿ ಅವರ ಕೈಗೆ ಕೊಟ್ಟರು. ಕೊಟ್ಟದ್ದೇ ತಡ, ಗಿಟಾರಿನ ಸ್ಪೀಕರು ಕುಂಯ್ ಎಂದು ಅರಚಿತು. ಗುಮಾಸ್ತರು ಅವಸರದಲ್ಲಿ ಅದರ ಸದ್ದು ಪೂರಾ ಇಳಿಸಿ, ಅದನ್ನು ದೂರ ತಳ್ಳಿ, ಹಿಂದೆ ಬಗ್ಗಿ ವೈರು ಸರಿಮಾಡಿದರು. ಸ್ಪೀಕರಿನ ಹಿಂದಕ್ಕೆ ಓಡುವ ಭರದಲ್ಲಿ ಡಬ್ಬಿಯನ್ನು ತುಳಿದದ್ದು ಅವರ ಗಮನಕ್ಕೆ ಬರಲಿಲ್ಲ. ಆ ಹೊತ್ತಿಗೆ ಹೆಂಡತಿ ನೀರಿನ ಲೋಟ ಹಿಡಿದು ಮೇಷ್ಟ್ರ ಪಕ್ಕದಲ್ಲಿ ನಿಂತಿದ್ದಳು.

ಗುಮಾಸ್ತರು ವಾಪಸು ಬಂದು ಗಿಟಾರು ಏರಿಸಿಕೊಂಡು, ಸ್ಪೀಕರಿನ ಸದ್ದು ಏರಿಸಿ, ಶುರುಮಾಡೋಣವೆಂದು ಡಬ್ಬಿಯನ್ನು ತುಳಿದರು. ಅವರ ಲೆಕ್ಕಕ್ಕೆ ಅದು ಮೊದಲನೇ ತುಳಿತ. ಡಬ್ಬಿಯ ಲೆಕ್ಕಕ್ಕೆ ಎರಡನೆಯದು.

"ಅವ್ರು ಹೇಗೇ ನುಡಿಸ್ಲಿ, ಬೇಡ ಅಂತ ಬರೆದು ಜೇಬಲ್ಲೇ ಇಟ್ಕೊಂಡಿದೀನಿ" ಎಂದಿತು ಸ್ಪೀಕರು, ಸಾಕ್ಷಾತ್ ಹೆಡ್‌ಮೇಷ್ಟ್ರ ದನಿಯಲ್ಲಿ.

ಸಭೆ ಕೆರಳಿತು. ಎಲ್ಲರಿಗಿಂತ ಮೊದಲು ಎದ್ದವನು ಟೈಲರ್. "ಪರೀಕ್ಷೆಗೆ ಮುಂಚೆನೇ ಫೇಲ್ ಮಾಡೋದು ಯಾವ ನ್ಯಾಯ ಮೇಷ್ಟ್ರೇ? ಗಿಟಾರು ಇರ್ಲಿ ಅನ್ನೋರು ಕೈ ಎತ್ತಿ."

ಆ ಗಲಾಟೆಯಲ್ಲಿ ಡಬ್ಬಿ ಮುಂದೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಕೈಗಳೆಲ್ಲ ಮೇಲೆದ್ದವು. ಗುಮಾಸ್ತರಿಗೆ ಸ್ವರ್ಗ ಮೂರೇ ಗೇಣು. ಡಬ್ಬಿ ಮೊದಲಿದ್ದಿದ್ದರೆ ಬರೀ ಗಿಟಾರು ಮುದ್ರಣವಾಗುತ್ತಿತ್ತು, ಕೊನೆಗಿಟ್ಟದ್ದರಿಂದ ಮೈಕಿನ ಮಾತೂ ಸಿಕ್ಕಿಬಿದ್ದಿತ್ತು. ಎರಡು ಸಲ ಪಟಪಟನೆ ತುಳಿದರೆ ಅದು ನಿಲ್ಲುತ್ತಿತ್ತು. ಅವರು ತುಳಿಯಲಿಲ್ಲ. ಜನ ಇನ್ನೊಂದು ಸುತ್ತು ಕೇಳಲಿ ಎಂದು ಎದೆಯುಬ್ಬಿಸಿ ನಿಂತರು. ಸಭೆಯೂ ಕಿವಿಗೊಟ್ಟು ಸುಮ್ಮನಾಯಿತು.

"...ಬೇಡ ಅಂತ ಬರೆದು ಜೇಬಲ್ಲೇ ಇಟ್ಕೊಂಡಿದೀನಿ."

"ನಿಮಗೆ ಪುಣ್ಯ ಬರ್ಲಿ ಮೇಷ್ಟ್ರೇ. ಆದ್ರೆ ದೂರು ಬರೆದಿದ್ದು ನಾನು ಅಂತ ನಮ್ಮನೆಯವ್ರಿಗೆ ಮಾತ್ರ ಗೊತ್ತಾಗ್ಬಾರ್ದು." ಈ ಸಲ ಹೆಂಡತಿಯ ದನಿ.

ನಿಲ್ಲಿಸೋಣವೆಂದು ಕಾಲಲ್ಲಿ ತಡಕಾಡಿದ ಗುಮಾಸ್ತರಿಗೆ ಡಬ್ಬಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ಮೂರನೇ ಸುತ್ತು ಮುಗಿದ ಮೇಲೆ ಟೈಲರನೇ ಬಂದು ವೈರು ಕಿತ್ತ.

ಹೆಡ್‌ಮೇಷ್ಟ್ರು ಜೇಬಿನ ಚೀಟಿ ಹರಿದು ಗಂಟಲು ಸರಿಮಾಡಿಕೊಂಡರು. "ಸಂಘದ ಆಕ್ಷೇಪ ಏನೂ ಇಲ್ಲ. ಉಳಿದದ್ದು ನಿಮ್ಮ ಮನೆ ವಿಷಯ."

ಮೆಟ್ಟಿಲು ಹತ್ತುವಾಗ ಗುಮಾಸ್ತರಿಗೆ ಅಳುವೇ ಬಂತು. "ನನಗೇ ಹೇಳ್ಬಹುದಿತ್ತಲ್ಲೇ."

"ಹೇಳಿದ್ನಲ್ರೀ, ಎಷ್ಟೋ ಸಲ. ನೀವು ಹೊಸದೊಂದು ಪೆಟ್ಟಿಗೆ ತಂದು, ಇದನ್ನ ಎಲ್ಲಿಡ್ಲಿ ಅಂತ ನನ್ನನ್ನೇ ಕೇಳ್ತಿದ್ರಿ."

ಬಾಗಿಲು ತೆರೆಯಿತು. ಕೈಯಲ್ಲಿ ಗಿಟಾರು, ಕಂಕುಳಲ್ಲಿ ಪೆಟ್ಟಿಗೆ, ಜೇಬಲ್ಲಿ ಡಬ್ಬಿ. ಗುಮಾಸ್ತರು ಹೊಸ್ತಿಲಲ್ಲೇ ನಿಂತು ಮೆಲ್ಲಗೆ ಕೇಳಿದರು:

"ಈಗ ಇದನ್ನೆಲ್ಲ ಎಲ್ಲಿಡ್ಲಿ?"

"ಅಟ್ಟದ ಮೇಲೆ" ಎಂದಳು ಹೆಂಡತಿ. "ಮೊದ್ಲು ಗಿಟಾರು, ಆಮೇಲೆ ಪೆಟ್ಟಿಗೆ. ಆ ಡಬ್ಬೀನ ಕೊನೆಗೇ ಇಡಿ."